ಕೆಂಪಕ್ಷರಕ್ಕೆ ಹೆದರಬೇಡಿ, ಅದರ ಅರ್ಥ ಕನ್ನಡದಲ್ಲೇ ಕೇಳಿ!

ಕನ್ನಡಿಗರೇ,

ನಿಮ್ಮ ಮನೆಯಲ್ಲಿ, ಇಲ್ಲವೇ ಪಕ್ಕದ ಮನೆಯಲ್ಲಿ, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಡಿಪ್ಲೊಮಾಕ್ಕೋ ಬಿ.ಸಿ.ಎ.ಗೋ ಸೇರಿದ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಕೇಳಿ ನೋಡಿ: 'ಪೈಥಾನ್ ಪಾಠ ಹೇಗೆ ನಡೀತಿದೆ ಮಗಾ?' ಮಗು ತಲೆ ತಗ್ಗಿಸುತ್ತದೆ. 'ಎರರ್ ಬರುತ್ತೆ. ಕೆಂಪಕ್ಷರದಲ್ಲಿ ಏನೇನೋ ಬರುತ್ತೆ. ಏನಂತ ಗೊತ್ತಾಗಲ್ಲ.'

ಇದೇ ಮಗು ಸಂತೆಯಲ್ಲಿ ಮೂರೂಕಾಲು ಕೆ.ಜಿ. ಈರುಳ್ಳಿಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತದೆ. ತರ್ಕ ಇದೆ, ಲೆಕ್ಕ ಇದೆ, ಹಟವೂ ಇದೆ. ಆದರೂ ಲ್ಯಾಬಿನಲ್ಲಿ ಕೈಕಟ್ಟಿ ಕೂರುತ್ತದೆ. ಯಾಕೆ? ಗಣಕಯಂತ್ರ ತಪ್ಪು ಹಿಡಿದಿದ್ದನ್ನು ಇಂಗ್ಲಿಷಿನಲ್ಲಿ ಹೇಳಿತು. ಮೇಷ್ಟ್ರು ಅದನ್ನೇ ಇನ್ನೂ ಜೋರು ದನಿಯಲ್ಲಿ ಇಂಗ್ಲಿಷಿನಲ್ಲಿ ಓದಿ ಹೇಳಿದರು. ಅಲ್ಲಿಗೆ ಪಾಠ ಮುಗಿಯಿತು!

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಪೈಥಾನ್ ಅನ್ನುವ ಈ ಭಾಷೆಯ ಆಜ್ಞೆಗಳೆಲ್ಲ ಕನ್ನಡದಲ್ಲಿ ಇರಲಿ ಎಂದು ನಾವು ಬೀದಿಗಿಳಿಯಬೇಕಾಗಿಲ್ಲ. ಇದನ್ನು ಕಟ್ಟಿದವರು ನೆದರ್ಲೆಂಡ್ಸಿನ ಗಿಡೊ ವಾನ್ ರಾಸಮ್. ಅವರ ತಾಯ್ನುಡಿಯೂ ಇಂಗ್ಲಿಷ್ ಅಲ್ಲ, ಡಚ್. ಮೊದಲ ಬಾರಿಗೆ ಅದು ಹೊರಬಂದದ್ದು 1991ರ ಫೆಬ್ರುವರಿಯಲ್ಲಿ. ಇಷ್ಟು ದೊಡ್ಡ ಭಾಷೆಯಲ್ಲಿ ಮೀಸಲು ಪದಗಳು ಎಷ್ಟು ಗೊತ್ತೇ? ಬರೀ 35. ಇಫ್, ಎಲ್ಸ್, ಫಾರ್, ವೈಲ್, ಡೆಫ್, ರಿಟರ್ನ್ ಇಂಥವು. ಒಂದು ವಾರದಲ್ಲಿ ಬಾಯಿಪಾಠವಾಗುತ್ತದೆ. ನಮ್ಮ ಹುಡುಗರು ಎಲ್‌ಬಿಡಬ್ಲ್ಯು, ನೋಬಾಲ್, ಗೂಗ್ಲಿ ಕಲಿತಿಲ್ಲವೇ? ಅದಕ್ಕೆ ಯಾವ ಕಾನ್ವೆಂಟಿಗೆ ಹೋದರು? ಪದ ಕಲಿಯುವುದು ಕಷ್ಟವಲ್ಲ ಸ್ವಾಮಿ. ತಾನು ಯಾಕೆ ಔಟಾದೆ ಅನ್ನುವುದನ್ನು ಅವನಿಗೆ ಅರ್ಥವಾಗುವ ಮಾತಿನಲ್ಲಿ ಯಾರಾದರೂ ಹೇಳಬೇಕು. ಜಗಳ ಇರುವುದು ಅಲ್ಲಿ.

ಬನ್ನಿ, ಹಾಗೆ ಹೇಳಿದರೆ ಎಷ್ಟು ಸುಲಭ ಅನ್ನುವುದನ್ನು ಇಲ್ಲೇ ನೋಡಿಬಿಡೋಣ.

ಕೆಂಪಕ್ಷರದ ಆ ರಾಶಿಗೆ ಟ್ರೇಸ್‌ಬ್ಯಾಕ್ ಅಂತ ಹೆಸರು. ಮಗು ಅದನ್ನು ಮೇಲಿನಿಂದ ಓದುತ್ತದೆ, ಮೊದಲ ಸಾಲಿಗೇ ಕಂಗಾಲಾಗುತ್ತದೆ. ಓದಬೇಕಾದ್ದು ಕೆಳಗಿನಿಂದ! ಕಟ್ಟಕಡೆಯ ಸಾಲಿನಲ್ಲಿ ತಪ್ಪಿನ ಹೆಸರು, ಅದರ ಮುಂದೆ ಕಾರಣ. ಅದರ ಮೇಲಿನ ಸಾಲುಗಳಲ್ಲಿ 'ಲೈನ್' ಅಂತ ಬರೆದು ಒಂದು ಸಂಖ್ಯೆ. ಆ ಸಂಖ್ಯೆಯ ಸಾಲಿಗೆ ಹೋಗಿ ನೋಡು ಅಷ್ಟೆ. ಈ ಎರಡು ವಾಕ್ಯ ಕನ್ನಡದಲ್ಲಿ ಹೇಳಿದರೆ ಅರ್ಧ ಭಯ ಓಡಿಹೋಗುತ್ತದೆ.

ನೇಮ್ ಎರರ್ ಅಂದರೆ 'ಈ ಹೆಸರಿನವರು ಯಾರೂ ನನಗೆ ಗೊತ್ತಿಲ್ಲ' ಎಂದು ಯಂತ್ರ ಹೇಳುತ್ತಿದೆ. ಒಂದೋ ಕಾಗುಣಿತ ತಪ್ಪಿದೆ, ಇಲ್ಲ ಹೆಸರು ಕೊಡುವ ಮೊದಲೇ ಕೂಗಿದ್ದೀಯ, ಇಲ್ಲ ಪ್ರಿಂಟ್ ಎಂದು ಬರೆಯುವಾಗ ಮೊದಲ ಅಕ್ಷರವನ್ನು ದೊಡ್ಡದು ಮಾಡಿದ್ದೀಯ. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರದ ಭೇದ ನಮ್ಮ ಲಿಪಿಯಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಕನ್ನಡದ ಮಗು ಇಲ್ಲಿ ಎಡವುವುದು ಸಹಜ. ಇದನ್ನು ಮೊದಲ ದಿನವೇ ಹೇಳಬೇಕಾದ್ದು ಮೇಷ್ಟ್ರ ಕೆಲಸ. 2021ರಲ್ಲಿ ಬಂದ 3.10ನೇ ಆವೃತ್ತಿಯಿಂದ ಯಂತ್ರವೇ 'ನೀನು ಹೇಳಿದ್ದು ಇದೇನಾ?' ಎಂದು ಸರಿಯಾದ ಹೆಸರನ್ನು ಸೂಚಿಸುತ್ತದೆ. ಆದರೆ ಕೇಳುವುದು ಇಂಗ್ಲಿಷಿನಲ್ಲಿ. ಮಗು ಆ ಸಾಲಿನವರೆಗೆ ಓದಿದರೆ ತಾನೇ?

ಇಂಡೆಂಟೇಶನ್ ಎರರ್ ಇನ್ನೊಂದು. ಪೈಥಾನಿನಲ್ಲಿ ಯಾವ ಸಾಲು ಯಾವುದರ ಒಳಗೆ ಸೇರಿದ್ದು ಅನ್ನುವುದಕ್ಕೆ ಬ್ರಾಕೆಟ್ ಇಲ್ಲ. ಸಾಲಿನ ಮುಂದೆ ಬಿಟ್ಟ ಜಾಗವೇ ಗುರುತು. ನಡುಮನೆಯ ಸಾಮಾನು ನಡುಮನೆಯಲ್ಲಿ, ಅಡುಗೆಮನೆಯದು ಅಡುಗೆಮನೆಯಲ್ಲಿ. ಇಫ್ ಸಾಲಿನ ಕೊನೆಗೆ ಎರಡು ಚುಕ್ಕಿ ಹಾಕಿ, ಕೆಳಗಿನ ಸಾಲನ್ನು ನಾಲ್ಕು ಜಾಗ ಒಳಕ್ಕೆ ಸರಿಸಿದರೆ ಮುಗಿಯಿತು. ಒಂದು ಸಾಲಿಗೆ ಟ್ಯಾಬ್ ಗುಂಡಿ, ಇನ್ನೊಂದು ಸಾಲಿಗೆ ಸ್ಪೇಸ್ ಗುಂಡಿ ಒತ್ತಿದರೆ ಕಣ್ಣಿಗೆ ಸಮ ಕಾಣುತ್ತದೆ, ಯಂತ್ರಕ್ಕೆ ಕಾಣುವುದಿಲ್ಲ. ವಾಟ್ಸಾಪಿನಿಂದಲೋ ವರ್ಡಿನಿಂದಲೋ ನಕಲು ಮಾಡಿ ಅಂಟಿಸಿದರೆ ಇನ್ನೊಂದು ಪೀಡೆ: ನೆಟ್ಟಗಿರಬೇಕಾದ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿ ಬಂದಿರುತ್ತದೆ. ಸಿಂಟ್ಯಾಕ್ಸ್ ಎರರ್! ಆ ಚಿಹ್ನೆಯನ್ನು ಅಳಿಸಿ ನೀವೇ ಒತ್ತಿ, ಸರಿಹೋಗುತ್ತದೆ. ಸಿಂಟ್ಯಾಕ್ಸ್ ಎರರ್ ತೋರಿಸಿದ ಸಾಲು ಸರಿಯಾಗೇ ಇದ್ದರೆ ಅದರ ಮೇಲಿನ ಸಾಲನ್ನೂ ನೋಡಿ. ಅಲ್ಲಿ ತೆರೆದ ಬ್ರಾಕೆಟ್ಟನ್ನು ಮುಚ್ಚಿರುವುದಿಲ್ಲ.

ಇವೆಲ್ಲ ಕೂಗಿ ಹೇಳುವ ತಪ್ಪುಗಳು. ಬಾಯಿ ಬಿಡದ ತಪ್ಪೇ ಅಪಾಯ. ಇನ್‌ಪುಟ್ ಆಜ್ಞೆಯಿಂದ ಕೆ.ಜಿ. ಬೆಲೆ ಕೇಳಿದಿರಿ, ಅಂಗಡಿಯವನು 25 ಎಂದು ಒತ್ತಿದ. ಅದನ್ನು 3ರಿಂದ ಗುಣಿಸಿದಿರಿ. ಉತ್ತರ 75 ಬರಬೇಕು ತಾನೇ? ಬರುವುದು 252525! ಕೆಂಪಕ್ಷರವೂ ಇಲ್ಲ, ಎರರೂ ಇಲ್ಲ. ಇನ್‌ಪುಟ್ ಕೊಡುವುದು ಯಾವಾಗಲೂ ಬರಹವನ್ನು, ಸಂಖ್ಯೆಯನ್ನಲ್ಲ. ಬರಹವನ್ನು ಮೂರು ಸಲ ಬರೆ ಎಂದಿರಿ, ಅದು ಬರೆಯಿತು. ಇಂಟ್ ಎಂಬ ಆಜ್ಞೆಯಲ್ಲಿ ಸುತ್ತಿ ಸಂಖ್ಯೆ ಮಾಡಿಕೊಳ್ಳಬೇಕು. ಇಲ್ಲೊಂದು ಸಂತೋಷದ ಸಂಗತಿ ಕೇಳಿ: ಅಂಗಡಿಯವನು ೨೫ ಎಂದು ಕನ್ನಡ ಅಂಕಿಯಲ್ಲೇ ಒತ್ತಿದರೂ ಇಂಟ್ ಅದನ್ನು ಒಪ್ಪಿಕೊಂಡು ಇಪ್ಪತ್ತೈದು ಅನ್ನುತ್ತದೆ! ನಮ್ಮ ಬಸ್ಸಿನ ಬೋರ್ಡಿನಲ್ಲಿ ಕನ್ನಡ ಅಂಕಿ ಕಂಡರೆ ಮೂಗು ಮುರಿಯುವವರು ಇದನ್ನು ಗಮನಿಸಲಿ. ಆದರೆ ಕಾರ್ಯಕ್ರಮದ ಸಾಲಿನಲ್ಲಿ ನೇರವಾಗಿ ಕನ್ನಡ ಅಂಕಿ ಬರೆದರೆ ಒಪ್ಪುವುದಿಲ್ಲ, ಅದು ಬೇರೆ ಮಾತು.

ಈಗ ಕನ್ನಡಕ್ಕೇ ಅಂಟಿದ ತೊಂದರೆಗಳಿಗೆ ಬರೋಣ. ಇವುಗಳ ಬಗ್ಗೆ ಇಂಗ್ಲಿಷ್ ಪುಸ್ತಕದಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಬರೆದವರಿಗೆ ಈ ಕಷ್ಟವೇ ಬಂದಿಲ್ಲ!

ವಿಂಡೋಸ್ ಯಂತ್ರದಲ್ಲಿ ಕನ್ನಡ ಕಡತವೊಂದನ್ನು ಓಪನ್ ಆಜ್ಞೆಯಿಂದ ತೆರೆಯಿರಿ. ಕಡತದಲ್ಲಿ 'ಮನೆ' ಅಂತಿದ್ದರೆ ಯುರೋಪಿನ ಅಕ್ಷರಗಳ ಕಿಚಡಿ ಬರುತ್ತದೆ. 'ಅಕ್ಕ' ಅಂತಿದ್ದರೆ ಕಿಚಡಿಯೂ ಇಲ್ಲ, ಯುನಿಕೋಡ್ ಡಿಕೋಡ್ ಎರರ್ ಬಂದು ಕೆಲಸವೇ ನಿಲ್ಲುತ್ತದೆ. ಅದೇ ಯಂತ್ರ, ಅದೇ ಆಜ್ಞೆ; ಮನೆಗೆ ಒಂದು ನ್ಯಾಯ, ಅಕ್ಕನಿಗೆ ಒಂದು ನ್ಯಾಯ! ಮಗುವಿಗೆ ತಲೆ ಕೆಡದೆ ಇದ್ದೀತೇ? ಕಾರಣ ಇಷ್ಟು: 3.14ರವರೆಗಿನ ಪೈಥಾನ್ ವಿಂಡೋಸಿನಲ್ಲಿ ಕಡತವನ್ನು ಪಶ್ಚಿಮ ಯುರೋಪಿನ ಹಳೆಯ ಅಕ್ಷರಪಟ್ಟಿ ಹಿಡಿದು ಓದಲು ಹೋಗುತ್ತದೆ. ನಮ್ಮ ಒತ್ತಕ್ಷರ ಕಟ್ಟುವ ಹಲಂತಕ್ಕೆ ಸಲ್ಲುವ ಒಂದು ಬೈಟಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಅಲ್ಲಿಗೆ ಬಂದು ಮುಗ್ಗರಿಸುತ್ತದೆ. ಪರಿಹಾರ ಒಂದೇ ತುಂಡು: ಓಪನ್ ಆಜ್ಞೆಯಲ್ಲಿ ಕಡತದ ಹೆಸರಿನ ಜೊತೆಗೆ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಿರಿ. ಓದುವಾಗಲೂ ಬರೆಯಿರಿ, ಉಳಿಸುವಾಗಲೂ ಬರೆಯಿರಿ. 3.15ರಿಂದ ಯುಟಿಎಫ್-8 ಅನ್ನೇ ರೂಢಿ ಮಾಡುವುದೆಂದು ತೀರ್ಮಾನವಾಗಿದೆ. ಆದರೆ ನಮ್ಮ ಲ್ಯಾಬುಗಳಿಗೆ ಹೊಸ ಆವೃತ್ತಿ ಬರುವ ಹೊತ್ತಿಗೆ ಈ ಮಕ್ಕಳು ಕಾಲೇಜು ಬಿಟ್ಟಿರುತ್ತಾರೆ.

ಕಡತ ಹಳೆಯ ನುಡಿಯ, ಯುನಿಕೋಡ್ ಅಲ್ಲದ ಅಕ್ಷರದಲ್ಲಿದ್ದರೆ ಮೇಲಿನ ಮದ್ದು ನಾಟುವುದಿಲ್ಲ. ಅಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ಚಿತ್ರ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಆಮೇಲೆ ಪೈಥಾನಿಗೆ ಕೊಡಿ.

'ಕನ್ನಡ' ಪದದಲ್ಲಿ ಅಕ್ಷರ ಎಷ್ಟು? ಒಂದನೇ ತರಗತಿಯ ಮಗು ಮೂರು ಅನ್ನುತ್ತದೆ. ಪೈಥಾನ್ ಐದು ಅನ್ನುತ್ತದೆ. ಕ, ನ, ಹಲಂತ, ಮತ್ತೊಂದು ನ, ಡ. ಅದು ಎಣಿಸುವುದು ಯುನಿಕೋಡಿನ ಸಂಕೇತಗಳನ್ನು. ಇದು ಪೈಥಾನಿನ ತಪ್ಪಲ್ಲ, ಮಗುವಿನ ತಪ್ಪೂ ಅಲ್ಲ. ಆದರೆ ಮುಂದಿನದನ್ನು ಮಾತ್ರ ನಾನು ಸುಮ್ಮನೆ ಒಪ್ಪಲಾರೆ. ಪದಗಳನ್ನು ಹೆಕ್ಕಿ ಕೊಡುವ ಆರ್‌ಇ ಎಂಬ ಭಾಗವಿದೆ. ಅದಕ್ಕೆ ಪದಾಕ್ಷರದ ಗುರುತು ಕೊಟ್ಟು 'ಕನ್ನಡ' ಪದವನ್ನು ಹೆಕ್ಕು ಅಂದರೆ 'ಕನ' ಎಂದು ಒಂದು, 'ನಡ' ಎಂದು ಒಂದು, ಎರಡು ತುಂಡು ಮಾಡಿ ಕೈಗಿಡುತ್ತದೆ! ಹಲಂತವನ್ನೂ ಸ್ವರಚಿಹ್ನೆಯನ್ನೂ ಅದು ಅಕ್ಷರವೆಂದೇ ಪರಿಗಣಿಸುವುದಿಲ್ಲ. ಯುನಿಕೋಡಿನ ಮಾರ್ಗಸೂಚಿಯೇ ಈ ಚಿಹ್ನೆಗಳನ್ನು ಪದದ ಒಳಗೆ ಸೇರಿಸಿ ಎನ್ನುತ್ತದೆ. ರೆಜೆಕ್ಸ್ ಎಂಬ ಹೊರಗಿನ ಜೋಡಣೆ ಹಾಕಿಕೊಂಡರೆ ಪದ ಇಡಿಯಾಗಿ ಉಳಿಯುತ್ತದೆ. ಕನ್ನಡದ ಪದ ಎಣಿಸಲು ಹೊರಟ ಪ್ರತಿಯೊಬ್ಬ ವಿದ್ಯಾರ್ಥಿಗೂ ಇದನ್ನು ಮೊದಲೇ ಹೇಳಿ. ಇಲ್ಲದಿದ್ದರೆ ಅವನ ಎಣಿಕೆಯೆಲ್ಲ ನೀರುಪಾಲು.

ಇನ್ನೊಂದು ತಮಾಷೆ. 2008ರ ಕೊನೆಗೆ ಬಂದ ಮೂರನೇ ಪೈಥಾನಿನಿಂದ ಬೆಲೆ, ವಯಸ್ಸು, ಮೊತ್ತ ಎಂದು ಕನ್ನಡದಲ್ಲೇ ಹೆಸರಿಡಬಹುದು. ಲ್ಯಾಬಿನಲ್ಲಿ ಎಷ್ಟು ಮೇಷ್ಟ್ರು ಇದನ್ನು ಮಕ್ಕಳಿಗೆ ಹೇಳಿದ್ದಾರೆ? ಆದರೆ ರಾಜ್‌ಕುಮಾರ್ ಎಂದು ಹೆಸರಿಟ್ಟು ನೋಡಿ, ಸಿಂಟ್ಯಾಕ್ಸ್ ಎರರ್! ಅಣ್ಣಾವ್ರನ್ನೇ ಒಳಗೆ ಬಿಡುವುದಿಲ್ಲವೇ ಎಂದು ಸಿಟ್ಟಾಗಬೇಡಿ. 'ಜ್' ಮತ್ತು 'ಕು' ಒತ್ತಾಗಿ ಅಂಟಿಕೊಳ್ಳದಿರಲೆಂದು ನಡುವೆ ನಾವು ಒತ್ತುವ, ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಹೆಸರಿನೊಳಗೆ ಅದಕ್ಕೆ ಪ್ರವೇಶವಿಲ್ಲ. ಉದ್ಧರಣ ಚಿಹ್ನೆಯೊಳಗಿನ ಬರಹದಲ್ಲಿ ಅದು ಧಾರಾಳವಾಗಿ ಇರಬಹುದು. ಆದರೆ ಹುಡುಕುವಾಗ ಎಚ್ಚರ: ಆ ಸಂಕೇತ ಇರುವ ಪದ ಬೇರೆ, ಇಲ್ಲದ ಪದ ಬೇರೆ ಎಂದೇ ಯಂತ್ರದ ಲೆಕ್ಕ. ಪಡಿತರ ಪಟ್ಟಿಯಲ್ಲೋ ಮತದಾರರ ಪಟ್ಟಿಯಲ್ಲೋ 'ಹೆಸರು ಇಲ್ಲ' ಎಂದು ಒಬ್ಬ ಬಡವನನ್ನು ವಾಪಸು ಕಳಿಸಲು ಇಷ್ಟು ಸಾಕು.

ಅಕಾರಾದಿಯೂ ಹಾಗೆಯೇ. ನಮ್ಮ ವರ್ಣಮಾಲೆಯಲ್ಲಿ 'ಳ' ಕಟ್ಟಕಡೆಗೆ. ಯುನಿಕೋಡಿನಲ್ಲಿ ಅದಕ್ಕೆ 'ಲ' ಪಕ್ಕದ ಸಂಖ್ಯೆ, 'ವ'ಗಿಂತ ಮೊದಲು. ಸಾರ್ಟೆಡ್ ಆಜ್ಞೆ ಆ ಸಂಖ್ಯೆಯನ್ನೇ ನೋಡುವುದರಿಂದ ಅಳಿಯ ಮುಂದೆ ಬಂದು ಅವಲಕ್ಕಿ ಹಿಂದೆ ಬೀಳುತ್ತದೆ. ನಿಘಂಟಿನಲ್ಲಿ ಅವಲಕ್ಕಿಯೇ ಮುಂದು. ನಮ್ಮ ಕ್ರಮವನ್ನು ನಾವೇ ಬರೆದು ಕೊಡಬೇಕು.

ಓದುಗರೇ, ಇಷ್ಟೆಲ್ಲ ಹೇಳಲು ನನಗೆ ಬೇಕಾದದ್ದು ಎರಡು ಪುಟ, ಆಡುಮಾತಿನ ಕನ್ನಡ. ಇದನ್ನೇ ಪಠ್ಯಪುಸ್ತಕ ಯಾಕೆ ಮಾಡುವುದಿಲ್ಲ? ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಬಹುದೆಂದು ಎಐಸಿಟಿಇ 2021ರಲ್ಲೇ ಒಪ್ಪಿಗೆ ಕೊಟ್ಟಿತು. ಒಪ್ಪಿಗೆಯ ಕಾಗದ ಹಿಡಿದು ಏನು ಮಾಡೋಣ? ಲ್ಯಾಬಿನಲ್ಲಿ ಕನ್ನಡದ ಒಂದು ವಾಕ್ಯ ಕೇಳಬೇಕು.

ಅನುವಾದಕ್ಕೆ ಕೂರುವ ವಿದ್ವಾಂಸರಿಗೂ ಒಂದು ವಿನಂತಿ. ದಯವಿಟ್ಟು ಇಂಡೆಂಟೇಶನ್ ಎರರನ್ನು 'ಅಂತರ್ನಿವೇಶನ ದೋಷ' ಮಾಡಬೇಡಿ! ಇಂಗ್ಲಿಷಿಗೆ ಹೆದರಿದ ಮಗುವನ್ನು ಸಂಸ್ಕೃತದಿಂದ ಹೆದರಿಸಿದಂತಾಗುತ್ತದೆ. ತಪ್ಪಿನ ಹೆಸರು ಹಾಗೇ ಇರಲಿ, ನಾಳೆ ಕೆಲಸಕ್ಕೆ ಹೋದಾಗ ಅದೇ ಹೆಸರು ಬೇಕಾಗುತ್ತದೆ. ಅದರ ಕೆಳಗೆ 'ಈ ಸಾಲು ಒಳಕ್ಕೆ ಸರಿದಿರಬೇಕಿತ್ತು' ಎಂದು ಬರೆಯಿರಿ, ಸಾಕು.

'ಇದೆಲ್ಲ ಆಗದ ಮಾತು' ಅನ್ನುವ ಜಾಣರೂ ಇದ್ದಾರೆ. ಫ್ರೆಂಚರಿಗೆ ಆಗಿದೆಯಲ್ಲ? ಫ್ರೆಂಡ್ಲಿ ಟ್ರೇಸ್‌ಬ್ಯಾಕ್ ಎಂಬ ಉಚಿತ ಜೋಡಣೆ ಪೈಥಾನಿನ ತಪ್ಪುಗಳನ್ನು ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಬಿಡಿಸಿ ಹೇಳುತ್ತದೆ. ಅದರ ವಾಕ್ಯಗಳನ್ನು ಇನ್ನೊಂದು ನುಡಿಗೆ ತರಲು ಬಾಗಿಲು ತೆರೆದಿದೆ. ಫೆಲಿಯೆನ್ ಹರ್ಮನ್ಸ್ 2020ರಲ್ಲಿ ಶುರುಮಾಡಿದ ಹೆಡಿ ಎಂಬ ಕಲಿಕೆಯ ಭಾಷೆಯಲ್ಲಿ ಅರಬ್ಬಿ, ಹಿಂದಿ ಮಕ್ಕಳು ತಮ್ಮ ನುಡಿಯ ಆಜ್ಞೆಗಳಿಂದಲೇ ಆರಂಭಿಸಿ ಮೆಲ್ಲಗೆ ಪೈಥಾನಿಗೆ ದಾಟುತ್ತಾರೆ. ಪೈಥಾನಿನ ಅಧಿಕೃತ ಕೈಪಿಡಿ ಜಪಾನಿ, ಕೊರಿಯನ್, ಫ್ರೆಂಚ್, ಸ್ಪ್ಯಾನಿಷ್, ಟರ್ಕಿಶ್ ನುಡಿಗಳಲ್ಲಿದೆ. ಅವರ ಸರ್ಕಾರಗಳು ಬಂದು ಮಾಡಿಕೊಡಲಿಲ್ಲ. ಆಯಾ ನುಡಿಯ ಬಲ್ಲವರು ಸಂಜೆ ಹೊತ್ತು ಕೂತು ಮಾಡಿದರು. ಬೆಂಗಳೂರಿನ ಕಂಪನಿಗಳಲ್ಲಿ ಪೈಥಾನ್ ಬರೆದು ಸಂಬಳ ಎಣಿಸುವ ಕನ್ನಡಿಗರೇ, ನವೆಂಬರಿನಲ್ಲಿ ಬಾವುಟ ಹಿಡಿದ ಫೋಟೊ ಹಾಕುತ್ತೀರಲ್ಲ, ಒಳ್ಳೆಯದು. ಈ ಸಲ ಹತ್ತು ಎರರುಗಳ ವಿವರಣೆಯನ್ನೂ ಬರೆಯಿರಿ.

ಕಾಲೇಜುಗಳಲ್ಲಿ ಕೇಳಬೇಕಾದ್ದು ಎರಡು. ವೈವಾದಲ್ಲಿ ಮಗು ತನ್ನ ಕಾರ್ಯಕ್ರಮ ಹೇಗೆ ನಡೆಯುತ್ತದೆ ಎಂದು ಕನ್ನಡದಲ್ಲಿ ಹೇಳಿದರೆ ಅಂಕ ಕಡಿಯಬಾರದು. ಲ್ಯಾಬ್ ಕೈಪಿಡಿಯ ಕೊನೆಗೆ, ಮೇಲೆ ಹೇಳಿದಂಥ ಎರರುಗಳಿಗೆ ಕನ್ನಡ ವಿವರಣೆಯ ಎರಡು ಪುಟ ಸೇರಬೇಕು. ಪ್ರಾಂಶುಪಾಲರಿಗೆ ಅರ್ಜಿ ಕೊಡಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಪುಟ ಅಚ್ಚಾಗುವವರೆಗೆ ಈ ಲೇಖನವನ್ನೇ ಕತ್ತರಿಸಿ ಲ್ಯಾಬಿನ ಗೋಡೆಗೆ ಅಂಟಿಸಿ. ಯಾರಾದರೂ ಕಿತ್ತರೆ ಇನ್ನೊಂದು ಪ್ರತಿ ಅಂಟಿಸಿ.