ಜಾಲತಾಣದಲ್ಲಿ ವರ್ತಕರ ಹಕ್ಕು ಮತ್ತು ಹೊಣೆ

ವ್ಯಾಪಾರಕ್ಕೆ ಬಂಡವಾಳದಷ್ಟೇ ನಂಬಿಕೆಯೂ ಅವಶ್ಯಕ. ಆಳಂದ, ಅಫಜಲಪುರ ಹಾಗೂ ಜೇವರ್ಗಿಯ ಪೇಟೆಗಳಲ್ಲಿ ಅಡತ್ ಅಂಗಡಿಯವರು ರೈತರಿಗೆ, ದಾಲ್ ಮಿಲ್ಲಿನವರು ಅಡತ್ ಅಂಗಡಿಯವರಿಗೆ ಕೊಟ್ಟ ಮಾತೇ ಉದ್ರಿ ವ್ಯವಹಾರದ ಆಧಾರ. ಆ ಮಾತು ಇಂದು ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳಲ್ಲಿ ಸಂಚರಿಸುತ್ತಿದೆ. ತೊಗರಿಯ ಧಾರಣೆ ಕ್ಷಣಾರ್ಧದಲ್ಲಿ ತಿಳಿಯುವುದು ಲಾಭವೇ ಸರಿ. ಆದರೆ 'ಇಂತಹವರು ದಿವಾಳಿಯಾಗಿದ್ದಾರೆ' ಎಂಬ ಸುಳ್ಳು ಸಾಲೊಂದು ಅಷ್ಟೇ ವೇಗದಲ್ಲಿ ಹರಡಿ, ವರ್ಷಗಳ ದುಡಿಮೆಯನ್ನು ಹಾಳು ಮಾಡಬಲ್ಲದು.

ಮಾತನಾಡುವ ಹಕ್ಕು ಅಮೂಲ್ಯವಾದುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು 'ಕಿರಿಕಿರಿ' ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶ ನೀಡಿತ್ತು. ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಅದನ್ನು ರದ್ದುಪಡಿಸಿತು. ಆದುದರಿಂದ ಬೇಳೆ ಕಳಪೆಯಾಗಿದೆ, ತೂಕ ಕಡಿಮೆಯಿದೆ ಎಂದು ಗ್ರಾಹಕನು ಬರೆದರೆ ವರ್ತಕನು ಕೆರಳಬೇಕಿಲ್ಲ. ರಸೀದಿ ಪರಿಶೀಲಿಸಿ ಬಹಿರಂಗವಾಗಿ ಉತ್ತರಿಸುವುದೇ ಲೇಸು. ದೂರನ್ನು ಅಡಗಿಸುವ ಅಂಗಡಿಗಿಂತ ಸರಿಪಡಿಸುವ ಅಂಗಡಿಗೆ ಗಿರಾಕಿ ಹೆಚ್ಚು.

ಆದರೆ 66ಎ ಹೋದುದರಿಂದ ಹೊಣೆ ಹೋಗಲಿಲ್ಲ. ಮಾನನಷ್ಟವು ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನ ಅನ್ವಯ ಇಂದಿಗೂ ಅಪರಾಧವೇ. ಸತ್ಯವೂ ಸಾರ್ವಜನಿಕ ಹಿತಕ್ಕೆ ಅಗತ್ಯವೂ ಆದ ಮಾತಿಗೆ ಅಲ್ಲಿ ರಕ್ಷಣೆಯಿದೆ. ಪ್ರತಿಸ್ಪರ್ಧಿಯನ್ನು ಕೆಡವಲು ಹಬ್ಬಿಸಿದ ಸುಳ್ಳಿಗೆ ಇಲ್ಲ.

ವದಂತಿಯ ಬೆಲೆ ಎಷ್ಟೆಂಬುದನ್ನು ನೆರೆಯ ಬೀದರ್ ಜಿಲ್ಲೆ ಕಂಡಿದೆ. 2018ರ ಜುಲೈನಲ್ಲಿ ಮುರ್ಕಿ ಗ್ರಾಮದ ಬಳಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ಸುದ್ದಿ ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಸಂದೇಶ ಬರೆದವನು ಒಬ್ಬನಾದರೂ ಅದನ್ನು ಊರಿಂದೂರಿಗೆ ದಾಟಿಸಿದವರು ನೂರಾರು ಮಂದಿ. ಹೊಣೆಯ ಪ್ರಶ್ನೆ ಇರುವುದು ಇಲ್ಲಿಯೇ.

ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಆ ಹೆಸರು ಒಬ್ಬರದಲ್ಲ. ಒಂದು ಗಿರಣಿಯ ಮೇಲಿನ ಸುಳ್ಳು ಆರೋಪ ಇಡೀ ಜಿಲ್ಲೆಯ ಮಾಲಿಗೆ ಕಳಂಕ ತರಬಲ್ಲದು. ಆದಕಾರಣ ಧಾರಣೆ ಕಳುಹಿಸುವವರು ಮಾರುಕಟ್ಟೆ, ದಿನಾಂಕ, ಮಾಲಿನ ದರ್ಜೆ ನಮೂದಿಸಬೇಕು. ಯಾರದೇ ವ್ಯವಹಾರ ಕುರಿತ ಸುದ್ದಿ ಬಂದರೆ ಮೊದಲು ಅವರನ್ನೇ ವಿಚಾರಿಸಬೇಕು. ಅನ್ಯಾಯಕ್ಕೊಳಗಾದವರು ಸಂದೇಶದ ಪ್ರತಿ ಕಾಯ್ದಿಟ್ಟುಕೊಂಡು, 2021ರ ನಿಯಮಗಳಂತೆ ಜಾಲತಾಣಗಳು ನೇಮಿಸಬೇಕಾದ ಕುಂದುಕೊರತೆ ಅಧಿಕಾರಿಗೆ ದೂರು ಸಲ್ಲಿಸಬಹುದು. ಅಗತ್ಯವಾದರೆ ನ್ಯಾಯಾಲಯದ ಮೊರೆ ಹೋಗಬಹುದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಹಿರಿಯರ ನುಡಿ. ಜಾಲತಾಣದಲ್ಲಿ ಆಡಿದ ಮಾತು ಹೋಗುವುದೂ ಇಲ್ಲ, ಆಡಿದವನ ಹೆಸರಿನೊಡನೆ ಉಳಿಯುತ್ತದೆ. ಖಾತೆ ಪುಸ್ತಕದಲ್ಲಿ ಬರೆಯುವಾಗ ಇರುವ ಎಚ್ಚರ ಅಲ್ಲಿಯೂ ಇರಲಿ.