ವ್ಯಾನು ಹೋದ ಮೇಲೆ

ಬೋಧನಾಭ್ಯಾಸಕ್ಕೆಂದು ನಾನು ಹೋಗಿದ್ದು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ. ಎರಡನೇ ವಾರದಲ್ಲಿ ಅಲ್ಲಿಗೆ ಸ್ವಯಂಸೇವಾ ಸಂಸ್ಥೆಯೊಂದರ ಸಂಚಾರಿ ವಿಜ್ಞಾನ ಪ್ರಯೋಗಾಲಯ ಬಂತು. ವ್ಯಾನಿನಿಂದ ಇಳಿಸಿದ ಪೆಟ್ಟಿಗೆಗಳು ವರಾಂಡದಲ್ಲಿ ತೆರೆದುಕೊಂಡವು. ಏಳನೇ ತರಗತಿಯ ಮಕ್ಕಳು ಮೊದಲ ಸಲ ಲಿಟ್ಮಸ್ ಕಾಗದ ಹಿಡಿದರು. ಸದಾ ಕೊನೆಯ ಸಾಲಿನಲ್ಲಿ ಸುಮ್ಮನಿರುತ್ತಿದ್ದ ಹುಡುಗಿಯೊಬ್ಬಳು ಅಂದು ಒಂದರ ಹಿಂದೊಂದು ಪ್ರಶ್ನೆ ಕೇಳಿದಳು. ಆ ಹೊತ್ತಿನಲ್ಲಿ ಶಾಲೆಯ ವಿಜ್ಞಾನ ಶಿಕ್ಷಕರು ಕಚೇರಿಯಲ್ಲಿ ಕುಳಿತು ಇಲಾಖೆಗೆ ಮಾಹಿತಿ ತುಂಬುತ್ತಿದ್ದರು. ನಾನೂ ಸ್ವಲ್ಪ ಹೊತ್ತು ನೋಡಿ, ಬಾಕಿಯಿದ್ದ ಪಾಠಯೋಜನೆ ಬರೆಯಲು ಎದ್ದು ಹೋದೆ.

ಮುಂದಿನ ಸೋಮವಾರ ಆಮ್ಲ, ಪ್ರತ್ಯಾಮ್ಲಗಳ ಪಾಠ ನನ್ನದು. ಕಪ್ಪುಹಲಗೆಯ ಮೇಲೆ ಶೀರ್ಷಿಕೆ ಬರೆಯುತ್ತಿದ್ದಂತೆ ಅದೇ ಹುಡುಗಿ ಕೇಳಿದಳು: “ಸಾರ್, ವ್ಯಾನು ಮತ್ತೆ ಯಾವಾಗ ಬರುತ್ತೆ?”

ವಿಜ್ಞಾನ ಎಂದರೆ ವ್ಯಾನಿನಲ್ಲಿ ಬಂದು ವ್ಯಾನಿನಲ್ಲೇ ಹೋಗುವ ವಸ್ತು ಎಂದು ಆ ಮಗು ಕಲಿತುಬಿಟ್ಟಿತ್ತು. ಅದನ್ನು ಕಲಿಸಿದ್ದು ಸಂಸ್ಥೆಯೊಂದೇ ಅಲ್ಲ. ಎದ್ದು ಹೋದ ನಾವೂ ಕಲಿಸಿದ್ದೆವು.

ಸ್ವಯಂಸೇವಾ ಸಂಸ್ಥೆಗಳ ಬಗ್ಗೆ ನಮ್ಮಲ್ಲಿ ಎರಡು ಮಾತುಗಳಿವೆ. ಅವರಿಲ್ಲದಿದ್ದರೆ ಸರ್ಕಾರಿ ಶಾಲೆಗಳಿಗೆ ಗತಿಯಿಲ್ಲ ಎಂಬುದು ಒಂದು. ಫೋಟೊ ತೆಗೆಸಿಕೊಳ್ಳಲು ಬರುತ್ತಾರೆ ಎಂಬುದು ಇನ್ನೊಂದು. ಅವರು ಹೋದ ಮರುದಿನ ಆ ಕೆಲಸ ಯಾರದು ಎಂಬುದನ್ನು ಎರಡೂ ಮಾತುಗಳು ಕೇಳುವುದಿಲ್ಲ.

ಬಿಸಿಯೂಟವನ್ನೇ ನೋಡಿ. ಅಕ್ಷಯ ಪಾತ್ರ ಸಂಸ್ಥೆ 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡಲು ಆರಂಭಿಸಿತು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಈಗ ಕೆಲವೆಡೆ ಸಂಸ್ಥೆಗಳು ಊಟ ತಲುಪಿಸುತ್ತವೆ, ಹೆಚ್ಚಿನ ಕಡೆ ಶಾಲೆಯ ಅಡುಗೆಯವರೇ ಬೇಯಿಸುತ್ತಾರೆ. ಬಡಿಸುವವರು ಯಾರಾದರೂ ಊಟ ಮಗುವಿನ ಹಕ್ಕು. ಯಾವುದೇ ಸಂಸ್ಥೆ ಹಿಂದೆ ಸರಿದರೂ ಹೊಣೆ ಸರ್ಕಾರದ ಮೇಲೆಯೇ ಉಳಿಯುತ್ತದೆ.

ಕಲಿಕೆಯಲ್ಲಿಯೂ ನಮ್ಮದೇ ಉದಾಹರಣೆ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳ ಕಲಿಕಾ ಕಾರ್ಡುಗಳನ್ನು ನೋಡಿ ಬಂದರು. ಯುನಿಸೆಫ್ ನೆರವು ನೀಡಿತು. ಆದರೆ ಇಲ್ಲಿನ ಮಕ್ಕಳಿಗೆ ಬೇಕಾದ ಕಾರ್ಡು, ಹಾಡು, ಆಟಗಳನ್ನು ಸಿದ್ಧಪಡಿಸಿದವರು ಶಿಕ್ಷಕರೇ. ಹಾಗಾಗಿ ‘ನಲಿ-ಕಲಿ’ ಆ ತಾಲ್ಲೂಕಿನಲ್ಲೇ ನಿಲ್ಲದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಹೊರಗಿನವರ ವಿಚಾರ ಶಿಕ್ಷಕರ ಕೈಯಲ್ಲಿ ಬೇರು ಬಿಟ್ಟಿತು.

ಶಿಕ್ಷಕರಿಗೆ ಬಿಡುವೆಲ್ಲಿದೆ ಎಂದು ಕೇಳಬಹುದು. ನಿಜ, ಕಚೇರಿಯಲ್ಲಿ ಕುಳಿತಿದ್ದ ಆ ಶಿಕ್ಷಕರು ಸೋಮಾರಿಗಳಲ್ಲ. ವಿಜ್ಞಾನದ ಜೊತೆ ಗಣಿತವೂ ಅವರದೇ. ಸಂಸ್ಥೆಗಳಿಗೂ ಇಕ್ಕಟ್ಟಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕು. ಆ ಹಣ ಪಡೆದವರು ಲೆಕ್ಕ ಒಪ್ಪಿಸಲೇಬೇಕು. ಎಷ್ಟು ಮಕ್ಕಳನ್ನು ತಲುಪಿದೆವು ಎಂದು ಎಣಿಸುವುದು ಸುಲಭ. ಎಷ್ಟು ಶಿಕ್ಷಕರು ಪ್ರಯೋಗವನ್ನು ಮುಂದುವರಿಸಿದರು ಎಂದು ಎಣಿಸುವುದು ಕಷ್ಟ.

ಆದರೂ ನಾಲ್ಕು ಕೆಲಸಗಳು ನಮ್ಮ ಕೈಯಲ್ಲಿವೆ. ಸಂಸ್ಥೆ ಬರುವ ದಿನವನ್ನು ಪಾಠದ ಘಟಕಕ್ಕೆ ಹೊಂದಿಸುವುದು. ವಿಷಯ ಶಿಕ್ಷಕರು ಜೊತೆಯಲ್ಲಿದ್ದು, ಒಂದು ಪ್ರಯೋಗವನ್ನಾದರೂ ತಾವೇ ಮಾಡಿಸುವುದು. ಆ ದಿನ ಅವರಿಗೆ ಬೇರೆ ದಾಖಲೆ ಕೆಲಸ ಕೊಡದಿರುವುದು. ಊರಲ್ಲೇ ಸಿಗುವ ಸಾಮಗ್ರಿಯಿಂದ ಮತ್ತೆ ಮಾಡಬಲ್ಲ ಪ್ರಯೋಗಗಳ ಪಟ್ಟಿಯನ್ನು ಶಾಲೆಯಲ್ಲಿ ಉಳಿಸಿಕೊಳ್ಳುವುದು. ನಮ್ಮ ಕಾಲೇಜಿಗೂ ಒಂದು ಕೋರಿಕೆ: ಬೋಧನಾಭ್ಯಾಸದ ಪಾಠಗಳಲ್ಲಿ ಒಂದನ್ನು ಇಂಥ ಭೇಟಿಯ ಮುಂದುವರಿಕೆಗೆ ಮೀಸಲಿಡಿ, ಅದನ್ನೂ ಮೌಲ್ಯಮಾಪನ ಮಾಡಿ.

ಆ ಹುಡುಗಿಯ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಅರಿಶಿನ, ನಿಂಬೆಹಣ್ಣು, ಸಾಬೂನು ಒಯ್ದೆ. ಅರಿಶಿನ ಬಳಿದ ಕಾಗದ ಒಣಗುವಷ್ಟರಲ್ಲಿ ಅರ್ಧ ಅವಧಿ ಮುಗಿದಿತ್ತು. ನಿಂಬೆರಸಕ್ಕೆ ಬಣ್ಣ ಬದಲಾಗಲಿಲ್ಲ, ಸಾಬೂನಿನ ನೀರಿಗೆ ಕೆಂಪಾಯಿತು. ವೀಕ್ಷಕರು ‘ಸಮಯ ಪಾಲನೆ ಸಾಲದು’ ಎಂದು ಬರೆದರು, ಸರಿಯಾಗಿಯೇ ಬರೆದರು. ಆದರೆ ಆ ದಿನ ವ್ಯಾನಿನ ಬಗ್ಗೆ ಯಾರೂ ಕೇಳಲಿಲ್ಲ.