ಶಾಲೆಯ ಬಾಗಿಲು ತೆರೆಯಿತು, ಮನದ ಬಾಗಿಲು?

2021ರ ಅಕ್ಟೋಬರ್ 25ರಂದು ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಯ ವರೆಗಿನ ಶಾಲೆಗಳು ತೆರೆದವು. 2020ರ ಮಾರ್ಚ್‌ನಲ್ಲಿ ಕೊರೋನಾ ಭೀತಿಯಿಂದ ಮುಚ್ಚಿದ್ದ ಬಾಗಿಲುಗಳವು. ಹತ್ತೊಂಬತ್ತು ತಿಂಗಳ ಬಳಿಕ ಮಕ್ಕಳು ಒಳಗೆ ಕಾಲಿಟ್ಟಾಗ ಅನೇಕ ಕಡೆ ಮಾವಿನ ತೋರಣವಿತ್ತು, ಹೂವಿತ್ತು, ಸಿಹಿಯಿತ್ತು. ಹೆತ್ತವರ ಒಪ್ಪಿಗೆ ಪತ್ರವನ್ನು ಪಡೆಯಲಾಯಿತು. ಮಗುವಿನ ಮೈ ಬಿಸಿಯಾಗಿದೆಯೇ ಎಂದು ಪರೀಕ್ಷಿಸಿ ಒಳಬಿಡಲಾಯಿತು. ಆದರೆ ಆ ಮಗುವಿನ ಮನಸ್ಸು ಹೇಗಿದೆ ಎಂದು ವಿಚಾರಿಸಿದವರೆಷ್ಟು ಮಂದಿ?

ಅಂದು ಎರಡನೆಯ ತರಗತಿಯಲ್ಲಿ ಕುಳಿತ ಮಗು ಒಂದನೆಯ ತರಗತಿಯ ಮುಖವನ್ನೇ ಕಂಡಿರಲಿಲ್ಲ. ಆ ಮಗು ಇಂದು ಹದಿಹರೆಯದ ಹೊಸ್ತಿಲಲ್ಲಿದೆ. ಆದ್ದರಿಂದ ಇದು ಮುಗಿದುಹೋದ ಕಥೆಯಲ್ಲ. ಅಂದು ಕೇಳದೇ ಉಳಿದ ಪ್ರಶ್ನೆಯೊಂದು ಇನ್ನೂ ನಮ್ಮ ಮನೆ ಮತ್ತು ತರಗತಿಗಳಲ್ಲಿ ಉತ್ತರಕ್ಕಾಗಿ ಕಾದಿದೆ.

ಕಲಿಕೆಯ ನಷ್ಟದ ಕುರಿತು ಚರ್ಚೆ ನಡೆದಿಲ್ಲವೆಂದಲ್ಲ. ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು ಅಧ್ಯಯನ ಮಾಡಿದ ಅಝೀಮ್ ಪ್ರೇಮ್‌ಜಿ ವಿಶ್ವವಿದ್ಯಾಲಯವು, ಶೇ. 92ರಷ್ಟು ಮಕ್ಕಳು ಹಿಂದಿನ ವರ್ಷ ಗಳಿಸಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನಾದರೂ ಕಳೆದುಕೊಂಡಿದ್ದಾರೆಂದು 2021ರಲ್ಲಿ ವರದಿ ಮಾಡಿತು. ರಾಜ್ಯ ಸರಕಾರವು 2022-23ನ್ನು 'ಕಲಿಕಾ ಚೇತರಿಕೆ'ಯ ವರ್ಷವೆಂದು ಕರೆಯಿತು. ಆ ವರ್ಷದ ಆರಂಭದ ದಿನಗಳನ್ನು 'ಮಳೆಬಿಲ್ಲು' ಎಂಬ ಹೆಸರಿನಲ್ಲಿ ಆಟ, ಹಾಡು, ಕಥೆಗಳಿಗೆ ಮೀಸಲಿಟ್ಟದ್ದು ನಿಜಕ್ಕೂ ಶ್ಲಾಘನೀಯ. ಆದರೆ ಮಕ್ಕಳು ಶಾಲೆಗೆ ಮರಳಿ ಅರ್ಧ ವರ್ಷ ಕಳೆದ ಬಳಿಕ ಅದು ಬಂತು. ಅಷ್ಟರೊಳಗೆ ಪಾಠ ಮುಗಿಸುವ ಧಾವಂತ ಆರಂಭವಾಗಿಬಿಟ್ಟಿತ್ತು. ಮಗು ಮರೆತ ಅಕ್ಷರಗಳನ್ನು ನಾವು ಲೆಕ್ಕ ಹಾಕಿದೆವು; ಅದು ಮರೆಯಲಾಗದ ಘಟನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ಮಕ್ಕಳು ತಮ್ಮ ಚೀಲದಲ್ಲಿ ಏನೇನು ಹೊತ್ತು ತಂದಿದ್ದರು? ಆಸ್ಪತ್ರೆಗೆ ಹೋದ ಅಜ್ಜ ಮರಳಿ ಬಾರದ ಮನೆಯಿಂದ ಕೆಲವರು ಬಂದಿದ್ದರು. ತಂದೆಯ ಮುಖವನ್ನು ಕೊನೆಯ ಬಾರಿ ನೋಡಲಾಗದೆ, ಜನಾಝಾಕ್ಕೆ ನಾಲ್ಕು ಜನರೂ ಸೇರದೆ ನಡೆದ ದಫನವನ್ನು ದೂರದಿಂದ ನೋಡಿದವರಿದ್ದರು. ಗಲ್ಫ್‌ನಿಂದ ಕೆಲಸ ಕಳಕೊಂಡು ಬಂದ ತಂದೆಯ ಮೌನವನ್ನು, ಅಡುಗೆಮನೆಯ ಖಾಲಿ ಡಬ್ಬಿಗಳನ್ನು ಕಂಡವರಿದ್ದರು. ಮೂವರು ಮಕ್ಕಳಿಗೆ ಒಂದೇ ಮೊಬೈಲ್ ಇರುವ ಮನೆಯಲ್ಲಿ ತನ್ನ ಸರದಿಯನ್ನು ಅಣ್ಣನಿಗೆ ಬಿಟ್ಟುಕೊಟ್ಟ ಹೆಣ್ಣುಮಕ್ಕಳಿದ್ದರು. ಗ್ಯಾರೇಜಿಗೋ ಅಂಗಡಿಗೋ ಹೋಗಿ ಸಂಪಾದನೆಯ ರುಚಿ ಕಂಡು, ಬೆಂಚಿನಲ್ಲಿ ಕೂರಲು ನಾಚುವ ಹುಡುಗರಿದ್ದರು.

2022ರಲ್ಲಿ ಎನ್‌ಸಿಇಆರ್‌ಟಿ ಸುಮಾರು 3.79 ಲಕ್ಷ ವಿದ್ಯಾರ್ಥಿಗಳನ್ನು ಸಂಪರ್ಕಿಸಿ ನಡೆಸಿದ ಸಮೀಕ್ಷೆಯಲ್ಲಿ, ತಮ್ಮ ಆತಂಕಕ್ಕೆ ಓದು, ಪರೀಕ್ಷೆ ಮತ್ತು ಫಲಿತಾಂಶಗಳೇ ಮುಖ್ಯ ಕಾರಣವೆಂದು ಹೇಳಿದವರು ಶೇ. 81. ಪ್ರಶ್ನೆ ಕೇಳಲು ಹಿಂಜರಿಯುವವರು ಶೇ. 28. ಅಂದರೆ ಸಾಂತ್ವನ ನೀಡಬೇಕಾಗಿದ್ದ ಶಾಲೆಯೇ ಬಹುಪಾಲು ಮಕ್ಕಳಿಗೆ ಭಯದ ಹೆಸರಾಗಿತ್ತು.

ನಮ್ಮ ಹೆಣ್ಣುಮಕ್ಕಳ ಪಾಲಿಗೆ ಇನ್ನೊಂದು ಆಘಾತವೂ ಕಾದಿತ್ತು. ದೀರ್ಘ ಕಾಲದ ಬಳಿಕ ತರಗತಿಗೆ ಮರಳಿ ಕೆಲವೇ ತಿಂಗಳಲ್ಲಿ, 2022ರ ಆರಂಭದಲ್ಲಿ, ಶಿರವಸ್ತ್ರದ ವಿವಾದ ಅವರನ್ನು ಗೇಟಿನ ಹೊರಗೆ ನಿಲ್ಲಿಸಿತು. ಆ ವಿವಾದದ ಕಾನೂನು ಮಗ್ಗುಲಿನ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆದರೆ ಸಹಪಾಠಿಗಳ ಕಣ್ಣೆದುರು ಹಿಂದಿರುಗಿದ ಹದಿನಾರರ ಹುಡುಗಿಯ ಮನಸ್ಸಿಗೆ ಆದ ಗಾಯವನ್ನು ಯಾವ ಪಕ್ಷ, ಯಾವ ಸಂಘಟನೆ ಕುಳಿತು ಆಲಿಸಿತು? ಅವಳು ನಮ್ಮ ಭಾಷಣಗಳಿಗೆ ವಿಷಯವಾದಳು, ಅಷ್ಟೇ.

ಇನ್ನು ಶಿಕ್ಷಕರ ಸ್ಥಿತಿಯನ್ನು ನೋಡೋಣ. 2020ರಲ್ಲಿ 'ವಿದ್ಯಾಗಮ'ದ ಹೆಸರಿನಲ್ಲಿ ಅವರು ಮರದಡಿಯಲ್ಲಿ, ಜಗಲಿಗಳಲ್ಲಿ ಪಾಠ ಮಾಡಿದರು. ಸೋಂಕು ಹರಡುವ ಆತಂಕದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಎರಡನೆಯ ಅಲೆಯ ನಡುವೆಯೇ, 2021ರ ಏಪ್ರಿಲ್ 17ರಂದು ಬೆಳಗಾವಿ, ಬಸವಕಲ್ಯಾಣ, ಮಸ್ಕಿ ಕ್ಷೇತ್ರಗಳ ಉಪಚುನಾವಣೆ ನಡೆಯಿತು. ಆ ಕರ್ತವ್ಯಕ್ಕೆ ಹೋಗಿ ಸೋಂಕು ತಗಲಿ ಪ್ರಾಣ ಬಿಟ್ಟ ಶಿಕ್ಷಕರಿದ್ದಾರೆ. ಉತ್ತರ ಪ್ರದೇಶದ ಪಂಚಾಯತ್ ಚುನಾವಣೆಯ ಬಳಿಕ ಅಲ್ಲಿನ ಶಿಕ್ಷಕರ ಸಂಘವು ಮೃತರಾದ 1,621 ಮಂದಿಯ ಪಟ್ಟಿಯನ್ನು ಮುಂದಿಟ್ಟಾಗ, ಸರಕಾರವು ಮೊದಲಿಗೆ ಒಪ್ಪಿದ್ದು ಬರೇ ಮೂವರನ್ನು! ಖಾಸಗಿ ಶಾಲೆಗಳ ಶಿಕ್ಷಕರಲ್ಲಿ ಅನೇಕರು ಸಂಬಳವಿಲ್ಲದೆ ತರಕಾರಿ ಮಾರಿದರು, ಕೂಲಿಗೆ ಹೋದರು. 2021ರ ಜೂನ್‌ನಲ್ಲಿ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ರಾಜ್ಯ ಸರಕಾರ ಘೋಷಿಸಿದ ನೆರವು 5,000 ರೂಪಾಯಿ.

ಸಹೋದ್ಯೋಗಿಯ ಕುರ್ಚಿ ಖಾಲಿಯಾಗಿರುವ ಕೊಠಡಿಗೆ ಮರಳಿದ ಇಂಥ ಶಿಕ್ಷಕರ ಕೈಗೆ ನಾವು ಕೊಟ್ಟದ್ದೇನು? ಸೇತುಬಂಧದ ಕಡತ, ಹಾಜರಾತಿಯ ವರದಿ, ಪರೀಕ್ಷೆಯ ಗುರಿ. ತಾನೇ ಅಳಲು ಎಡೆಯಿಲ್ಲದವನು ಮಗುವಿನ ಕಣ್ಣೀರನ್ನು ಒರೆಸುವುದು ಹೇಗೆ? ಮಗುವಿನ ಮನಸ್ಸನ್ನು ಸರಿಪಡಿಸುವ ಯಾವ ಯೋಜನೆಯೂ ಶಿಕ್ಷಕನ ಮನಸ್ಸಿನಿಂದಲೇ ಆರಂಭವಾಗಬೇಕು.

ಇದಕ್ಕೆ ಕೋಟ್ಯಂತರ ರೂಪಾಯಿಯ ಯೋಜನೆಯೇನೂ ಬೇಕಿಲ್ಲ. ದೀರ್ಘ ಕಾಲ ಮುಚ್ಚಿದ ಶಾಲೆ ತೆರೆದಾಗ ಮೊದಲ ಎರಡು ವಾರ ಪರೀಕ್ಷೆ ಬೇಡ, ಹೋಲಿಕೆ ಬೇಡ, ಗದರಿಕೆ ಬೇಡ. ಮಕ್ಕಳು ಮಾತಾಡಲಿ, ಚಿತ್ರ ಬಿಡಿಸಲಿ, ಆಡಲಿ. ಮಾತಾಡಲು ಒಲ್ಲದ ಮಗುವನ್ನು ಒತ್ತಾಯಿಸುವುದೂ ಬೇಡ. ದಿನವೂ ಅದೇ ಹೊತ್ತಿಗೆ ಅದೇ ಕ್ರಮದಲ್ಲಿ ನಡೆಯುವ ತರಗತಿಯೇ ಹೆದರಿದ ಮಗುವಿಗೆ ದೊಡ್ಡ ಧೈರ್ಯ. ಬೆಳಗಾದರೆ ಹೊಟ್ಟೆನೋವು ಎನ್ನುವ, ಕಾರಣವಿಲ್ಲದೆ ಸಿಟ್ಟಾಗುವ, ಮೊದಲಿನ ಗೆಳೆಯರಿಂದ ದೂರ ಕೂರುವ ಮಗು ಸೋಮಾರಿಯಲ್ಲ. ಅದು ನೆರವು ಕೇಳುತ್ತಿದೆ. ಶಿಕ್ಷಕರಿಗೂ ವಾರಕ್ಕೊಮ್ಮೆ ವರದಿ, ಕಡತಗಳಿಲ್ಲದೆ ತಮ್ಮೊಳಗೆ ಕುಳಿತು ಮಾತಾಡುವ ಒಂದು ತಾಸು ಸಿಗಬೇಕು. ತಮ್ಮಿಂದ ಆಗದಿದ್ದಾಗ ಕರೆ ಮಾಡಲು ಟೆಲಿ ಮಾನಸ್‌ನ 14416 ಎಂಬ ಉಚಿತ ಸಂಖ್ಯೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನ ನೀಡುತ್ತಿದೆ. ಈ ಸಂಖ್ಯೆ ಪ್ರತಿಯೊಂದು ಶಾಲೆಯ, ಮದ್ರಸದ ಗೋಡೆಯಲ್ಲಿ ಕಾಣಬೇಡವೇ?

ಸರಕಾರವನ್ನು ಪ್ರಶ್ನಿಸುವಾಗ ನಮ್ಮನ್ನೂ ಪ್ರಶ್ನಿಸಿಕೊಳ್ಳೋಣ. ತಂದೆಯನ್ನು ಕಳಕೊಂಡ ಮಗುವಿಗೆ ನಾವು ಹೇಳುವ ಮೊದಲ ಮಾತೇ 'ಅಳಬೇಡ, ಸಬ್ರ್ ಮಾಡು' ಎಂದಲ್ಲವೇ? ಸಬ್ರ್ ಎಂದರೆ ಕಣ್ಣೀರನ್ನು ನುಂಗುವುದಲ್ಲ. ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿ(ಸ) ಕಣ್ಣೀರಿಟ್ಟಿದ್ದರು. ಅಬೂ ಉಮೈರ್ ಎಂಬ ಪುಟ್ಟ ಬಾಲಕನ ಸಾಕುಹಕ್ಕಿ ಸತ್ತು ಅವನು ಸಪ್ಪಗೆ ಕುಳಿತಾಗ, ಪ್ರವಾದಿ(ಸ) ಆ ಹಕ್ಕಿಯ ಬಗ್ಗೆಯೇ ಅವನಲ್ಲಿ ಪ್ರೀತಿಯಿಂದ ವಿಚಾರಿಸಿದರು. ಒಂದು ಹಕ್ಕಿಗಾಗಿ ಮರುಗುವ ಮಗುವಿನ ದುಃಖವೂ ಅವರಿಗೆ ಕ್ಷುಲ್ಲಕವಾಗಿ ಕಾಣಲಿಲ್ಲ. ನಾವಾದರೋ ಮಗುವಿನ ಭಯಕ್ಕೆ ದೃಷ್ಟಿದೋಷದ ಹೆಸರಿಟ್ಟು ತಾಯಿತ ಕಟ್ಟಿಸುತ್ತೇವೆ. ಮನೋವೈದ್ಯರ ಬಳಿಗೆ ಹೋದರೆ ನೆಂಟಸ್ತಿಕೆಗೆ ಅಡ್ಡಿಯಾದೀತೆಂದು ಮುಚ್ಚಿಡುತ್ತೇವೆ. ಅಂಕ ಗಳಿಸಿದವರಿಗೆ ಶಾಲು ಹೊದಿಸುವ ಜಮಾಅತ್‌ಗಳು ಅರ್ಧದಲ್ಲಿ ಶಾಲೆ ಬಿಟ್ಟವನ ಮನೆಯ ಬಾಗಿಲನ್ನೂ ತಟ್ಟಬೇಕು. ದಿನವೂ ಮಕ್ಕಳನ್ನು ಕಾಣುವ ಮದ್ರಸದ ಉಸ್ತಾದರಿಗೆ ಈ ವಿಷಯದಲ್ಲಿ ತರಬೇತಿ ಸಿಗಬೇಕು.

ಶಾಲೆಗಳು ಇನ್ನೊಮ್ಮೆ ಮುಚ್ಚಲಾರವೆಂದು ಯಾರೂ ಹೇಳಲಾರರು. 2023ರ ಸೆಪ್ಟೆಂಬರ್‌ನಲ್ಲಿ ನಿಪಾ ಸೋಂಕಿನಿಂದಾಗಿ ಕೇರಳದ ಕೋಝಿಕ್ಕೋಡ್‌ನಲ್ಲಿ ಶಾಲೆಗಳು ಮುಚ್ಚಿದ್ದವು. ನೆರೆ, ಕರ್ಫ್ಯೂಗಳೂ ಬಾಗಿಲು ಮುಚ್ಚಿಸುತ್ತವೆ. ಮುಂದಿನ ಬಾರಿಗೆ ಕಾಯದೆ ಶಿಕ್ಷಣ ಇಲಾಖೆ ಇಂದೇ ನಿಯಮ ರೂಪಿಸಲಿ. ಪುನರಾರಂಭದ ಮೊದಲ ದಿನಗಳು ಪಠ್ಯಪುಸ್ತಕಕ್ಕಲ್ಲ, ಮಕ್ಕಳಿಗೆ ಮತ್ತು ಶಿಕ್ಷಕರಿಗೆ ಸಲ್ಲಲಿ. ಹೆತ್ತವರು ಅದಕ್ಕೂ ಕಾಯಬೇಕಿಲ್ಲ. ಇಂದು ಸಂಜೆ ಮಗು ಮನೆಗೆ ಬಂದಾಗ ಎಷ್ಟು ಅಂಕ ಬಂತೆಂದು ಕೇಳುವ ಮೊದಲು, ಹೇಗಿದ್ದೀ ಎಂದು ಕೇಳೋಣ. ಮತ್ತು ಉತ್ತರ ಬರುವ ತನಕ ಕಾಯೋಣ.